ಹತ್ತನೇ ತರಗತಿಯ ಒತ್ತಡ ಮತ್ತು ಮಕ್ಕಳ ಸ್ವಂತ ಆಸಕ್ತಿ

ಪ್ರಶ್ನೆ – ವಿಜ್ಞಾನ ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು

ಎಂಟನೇ ತರಗತಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ ಮಕ್ಕಳೇ ಹತ್ತಕ್ಕೆ ಬಂದ ಮೇಲೆ ‘ಇದು ಪರೀಕ್ಷೆಗೆ ಬರುತ್ತದೆಯೇ’ ಎಂಬುದನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ವಿಶೇಷ ತರಗತಿಗಳಲ್ಲಿ ಹಾಜರಾತಿಗೆ ಕೊರತೆಯಿಲ್ಲ, ಆದರೆ ಕಲಿಕೆಯಲ್ಲಿ ಮನಸ್ಸಿಲ್ಲ. ಒತ್ತಡ ಸಡಿಲಿಸಿದರೆ ಓದನ್ನೇ ಬಿಟ್ಟಾರು ಎನ್ನುವುದು ಸಹೋದ್ಯೋಗಿಗಳ ವಾದ. ಇದು ಸರಿಯೇ?

ಉತ್ತರ 1 – ಗಣಿತ ಶಿಕ್ಷಕ, ಚಿಂತಾಮಣಿ

ಅರ್ಧ ಮಾತ್ರ ಸರಿ. ‘ಸ್ವಲ್ಪ ಒತ್ತಡ ಒಳ್ಳೆಯದು’ ಎನ್ನುವವರು ಆಧಾರವಾಗಿ ಹೇಳುವುದು ಮನೋವಿಜ್ಞಾನಿಗಳಾದ ಯರ್ಕೀಸ್ ಮತ್ತು ಡಾಡ್ಸನ್ 1908ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅದು ನಡೆದದ್ದು ಇಲಿಗಳ ಮೇಲೆ ಎಂಬುದನ್ನು ಯಾರೂ ಹೇಳುವುದಿಲ್ಲ! ಆದರೂ ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಕೆಲಸ ಸುಲಭವಿದ್ದಾಗ, ತಪ್ಪಿದ ಇಲಿಗೆ ಕೊಟ್ಟ ಜೋರಾದ ವಿದ್ಯುತ್ ಆಘಾತ ಕಲಿಕೆಯನ್ನು ಚುರುಕುಗೊಳಿಸಿತು, ಕಠಿಣವಾದಾಗ ಅದೇ ಆಘಾತ ಕಲಿಕೆಯನ್ನು ನಿಧಾನಗೊಳಿಸಿತು. ನಮ್ಮ ತರಗತಿಯಲ್ಲೂ ‘ಪಾಸಿಂಗ್ ಪ್ಯಾಕೇಜ್’ನ (ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರಗಳ) ಬಾಯಿಪಾಠ ಹೆದರಿಕೆಯಲ್ಲೂ ಸಾಗುತ್ತದೆ, ಪ್ರಮೇಯವೊಂದನ್ನು ತಾನೇ ಸಾಧಿಸಬೇಕಾದಾಗ ಮನಸ್ಸಿನ ಅರ್ಧ ಜಾಗವನ್ನು ಆತಂಕವೇ ತುಂಬಿಕೊಳ್ಳುತ್ತದೆ.

ಉತ್ತರ 2 – ರೇಷ್ಮೆ ಬೆಳೆಗಾರ, ಪೋಷಕ

ಶಾಲೆಯ ಒತ್ತಡವನ್ನಷ್ಟೇ ಚರ್ಚಿಸುತ್ತಿದ್ದೀರಿ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗೆ, ಹಗಲೂ ರಾತ್ರಿಯೂ ಸೊಪ್ಪು ಬೇಕು, ಆ ದಿನಗಳಲ್ಲಿ ಮಕ್ಕಳ ಕೈಯೂ ಬೇಕಾಗುತ್ತದೆ. ಅಂಥ ವಾರದಲ್ಲಿ ತರಗತಿಯಲ್ಲಿ ತೂಕಡಿಸುವ ಮಗುವನ್ನು ಆಸಕ್ತಿಯಿಲ್ಲದವಳೆಂದು ತೀರ್ಮಾನಿಸುವುದು ಅನ್ಯಾಯ. ಹತ್ತನೇ ತರಗತಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ ಎಂದು ಸಮಾಧಾನ ಹೇಳುತ್ತಾರೆ, ಆದರೆ ಮನೆಯಲ್ಲಿ ನಾವು ಲೆಕ್ಕಕ್ಕೆ ಹಿಡಿಯುವುದು ಮೊದಲನೆಯದನ್ನೇ.

ಉತ್ತರ 3 – ಶಿಕ್ಷಣ ಪದವಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಪೋಷಕರ ಮಾತಿಗೆ ಸೇರಿಸುವುದೊಂದಿದೆ. ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಪ್ರಕಾರ ಸ್ವಪ್ರೇರಣೆ ಉಳಿಯಬೇಕಾದರೆ ಮೂರು ಬೇಕು: ಆಯ್ಕೆ ತನ್ನದೆಂಬ ಭಾವ, ತನ್ನಿಂದ ಆಗುತ್ತದೆಂಬ ನಂಬಿಕೆ, ತನ್ನವರೆನ್ನುವವರ ಒಡನಾಟ. ಹೊರಗಿನ ಕಾರಣಗಳೆಲ್ಲ ಒಂದೇ ಬಗೆಯವಲ್ಲ ಎನ್ನುವುದು ಅವರ ಇನ್ನೊಂದು ಮುಖ್ಯ ವಾದ. ಬೈಗುಳ ತಪ್ಪಿಸಿಕೊಳ್ಳಲು ಓದುವುದು, ಫೇಲಾದರೆ ಅವಮಾನವೆಂದು ಓದುವುದು, ನರ್ಸಿಂಗ್ ಸೇರಬೇಕೆಂಬ ಆಸೆಗೆ ಜೀವವಿಜ್ಞಾನ ಬೇಕೆಂದು ಓದುವುದು – ಹೊರಗಿನಿಂದ ಮೂರೂ ಒಂದೇ ಹಾಜರಾತಿ. ವಿಷಯದ ಮೇಲೆ ಪ್ರೀತಿಯಿಲ್ಲದಿದ್ದರೂ ಮೂರನೆಯವಳು ಕಷ್ಟದ ಪಾಠವನ್ನು ಬಿಟ್ಟೇಳುವ ಸಂಭವ ಕಡಿಮೆ, ಏಕೆಂದರೆ ಕಾರಣ ಅವಳದೇ. ಆದ್ದರಿಂದ ಒತ್ತಡ ಎಷ್ಟು ಎನ್ನುವುದಕ್ಕಿಂತ ಅದು ಯಾರದು ಎಂಬ ಪ್ರಶ್ನೆ ದೊಡ್ಡದು. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ಎಲ್ಲರೆದುರು ಓದುವ ಬದಲು, ಉತ್ತರಪತ್ರಿಕೆ ಮರಳಿಸಿ, ಮುಂದಿನ ವಾರ ಯಾವ ಅಧ್ಯಾಯವನ್ನು ಸರಿಪಡಿಸಿಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಯೇ ಬರೆಯಲಿ. ನಿದ್ದೆ, ಊಟ ಕೆಟ್ಟ ಮಗುವಿಗೆ ಇದು ಸಾಲದು. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫಲಕದಲ್ಲಿ ಬರೆದಿಡಿ.

ಪ್ರಶ್ನೆ ಕೇಳಿದವರು

ಉತ್ತರಪತ್ರಿಕೆಯ ಸಲಹೆಯನ್ನು ಈ ಬಾರಿಯ ಪೂರ್ವಸಿದ್ಧತಾ ಪರೀಕ್ಷೆಯಿಂದಲೇ ಆರಂಭಿಸುತ್ತೇನೆ. ಹುಳು ಮೇಯಿಸುವ ಮನೆಗಳ ಮಕ್ಕಳಿಗೆ ಸಂಜೆಯ ವಿಶೇಷ ತರಗತಿಯಿಂದ ಆ ವಾರ ಬಿಡುವು ಕೊಡುವ ಬಗ್ಗೆ ಮುಖ್ಯ ಶಿಕ್ಷಕರೊಂದಿಗೆ ಮಾತನಾಡಬೇಕಿದೆ. ಬೇರೆ ಶಾಲೆಗಳಲ್ಲಿ ಹಾಗೆ ಮಾಡಿದವರಿದ್ದರೆ, ತಪ್ಪಿದ ಪಾಠವನ್ನು ಹೇಗೆ ತುಂಬಿಕೊಟ್ಟಿರಿ ಎಂಬುದನ್ನು ದಯವಿಟ್ಟು ಬರೆಯಿರಿ.