ಆಂಬರ್ ಸರ ಕೂಸಿಗೆ ಬೇಡ, ನೀನೇ ಹಾಕಿಕೋ

ಮಗಳೇ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡಿದರೆ ಮುಗಿಯುವ ವಿಷಯ ಅಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ನಿನ್ನ ನಾದಿನಿ ಪೋಲೆಂಡಿನಿಂದ ತಂದ ಆಂಬರ್ ಸರ, ಅಂದರೆ ಗಟ್ಟಿಯಾದ ಹಳೇ ಮರದ ರಾಳದ ಮಣಿ ಸರ, ಅಸಲಿಯಾ, ಹೇಗೆ ಇಟ್ಟುಕೊಳ್ಳಬೇಕು, ಕೂಸಿಗೆ ಹಾಕಿದರೆ ಹಲ್ಲು ಬರುವ ನೋವು ಕಡಿಮೆ ಆಗುತ್ತಾ ಅಂತ ಕೇಳಿದ್ದೀಯ ಅಲ್ವಾ? ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಹಾಕಬೇಡ. ಕೊರಳಿಗೂ ಬೇಡ, ಕಾಲಿಗೂ ಬೇಡ.

ಬಾಲ್ಟಿಕ್ ಸಮುದ್ರದ ಕಡೆಯ ಆಂಬರ್‌ನಲ್ಲಿ ಸಕ್ಸಿನಿಕ್ ಆಸಿಡ್ ಇರುತ್ತದೆ, ಅದು ನಿಜ. ಮೈ ಬಿಸಿಗೆ ಅದು ಹೊರಗೆ ಬಂದು ನೋವು ಇಳಿಸುತ್ತೆ ಅನ್ನುವುದು ಮಾರುವವರ ಮಾತು. ಆ ಆಸಿಡ್ ಕಾದು ಕರಗಲು 180 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಕೂಸಿನ ಮೈ ಬಿಸಿ 37. ನೋವು ಇಳಿಯುತ್ತೆ ಅನ್ನುವುದಕ್ಕೆ ಪುರಾವೆ ಇಲ್ಲ, ಅಪಾಯ ಮಾತ್ರ ಇದೆ. ಅಮೆರಿಕದಲ್ಲಿ 18 ತಿಂಗಳ ಕೂಸೊಂದು ಮಲಗಿದ್ದಾಗ ಇಂಥದೇ ಸರ ಬಿಗಿದು ತೀರಿಹೋಯಿತು. 2018ರಲ್ಲಿ ಅಲ್ಲಿನ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಸರಗಳನ್ನು ಮಕ್ಕಳಿಗೆ ಹಾಕಬೇಡಿ ಅಂತ ಎಚ್ಚರಿಸಿತು. ದಾರ ಹರಿದರೆ ಮಣಿ ಗಂಟಲಿಗೆ ಹೋಗುತ್ತದೆ. ಹಿರಿಯರು ಹೇಳಿದರೂ ಬೇಡ. ತಣ್ಣನೆಯ ಒದ್ದೆ ಬಟ್ಟೆ ಕಚ್ಚಲು ಕೊಡಿ, ಕೈ ತೊಳೆದು ಬೆರಳಿನಿಂದ ವಸಡು ಮೆಲ್ಲಗೆ ಉಜ್ಜಿ.

ಇನ್ನು ಸರದ ಮಾತು. ಇದು ಕಲ್ಲಲ್ಲ. ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ಬಂಗಾರ ಬಂಡೆಯೊಳಗೆ ಸಿಗುತ್ತದೆ, ಇದು ಗಿಡದಿಂದ ಒಸರಿದ ರಾಳ. ಹೊಲದ ಬದುವಿನ ಜಾಲಿಯಲ್ಲಿ ಬರುವ ಅಂಟು ನೀರಿನಲ್ಲಿ ಕರಗುತ್ತದೆ, ಅದು ಎಷ್ಟು ಕಾಲ ಕಳೆದರೂ ಆಂಬರ್ ಆಗಲ್ಲ. ರಾಳ ಕರಗಲ್ಲ. ಮಣ್ಣಲ್ಲಿ ಹೂತು ಕೋಟಿಗಟ್ಟಲೆ ವರ್ಷ ಗಟ್ಟಿಯಾಗುತ್ತಾ ಹೋಗುತ್ತದೆ. ಬಾಲ್ಟಿಕ್ ಆಂಬರ್‌ಗೆ ನಾಲ್ಕು ಕೋಟಿ ವರ್ಷದ ಆಸುಪಾಸು ವಯಸ್ಸು. ನಮ್ಮ ದೇಶದಲ್ಲೂ ಇದೆ, ಗುಜರಾತಿನ ವಸ್ತಾನ್ ಲಿಗ್ನೈಟ್ ಅಂದರೆ ಕಂದು ಕಲ್ಲಿದ್ದಲಿನ ಗಣಿಯಲ್ಲಿ ಸುಮಾರು 5 ಕೋಟಿ ವರ್ಷದ್ದು ಸಿಕ್ಕಿದೆ, ಅದರೊಳಗೆ ಹುಳುಗಳೂ ಸಿಕ್ಕಿವೆ. ಒಂದು ಇರುವೆ ರೆಕ್ಕೆ, ಕಾಲಿನ ಸಮೇತ ಹಾಗೇ ಉಳಿಯುತ್ತೆ ಅಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಲಿಥುವೇನಿಯಾದವರು ಬೇರೆ ಕಥೆ ಹೇಳುತ್ತಾರೆ. ಸಮುದ್ರದ ರಾಣಿ ಯೂರಾಟೆ ಒಬ್ಬ ಬೆಸ್ತರ ಹುಡುಗನನ್ನು ಪ್ರೀತಿಸಿದಳಂತೆ. ಸಿಡಿಲಿನ ದೇವರು ಸಿಟ್ಟಿಗೆದ್ದು ಅವಳ ಆಂಬರ್ ಅರಮನೆ ಒಡೆದನಂತೆ. ದಡಕ್ಕೆ ಬರುವ ಚೂರುಗಳು ಆ ಅರಮನೆಯವು.

ಅಸಲಿಯಾ ಅಂತ ನೋಡಲು ಕಂಬಳಿಗೆ ಉಜ್ಜಿ ಕಾಗದದ ಚೂರು ಎಳೆಯುತ್ತಾ ನೋಡು ಅನ್ನುತ್ತಾರೆ. ಪ್ಲಾಸ್ಟಿಕ್ ಕೂಡ ಎಳೆಯುತ್ತದೆ, ಅದನ್ನೇ ನಂಬಬೇಡ. ಬಿಡಿ ಮಣಿ ಇದ್ದರೆ ಒಂದು ಲೋಟ ನೀರಿಗೆ ಏಳೆಂಟು ಚಮಚ ಉಪ್ಪು ಹಾಕಿ, ಪೂರ್ತಿ ಕರಗಿಸಿ, ಆಮೇಲೆ ಮಣಿ ಅದರಲ್ಲಿ ಬಿಡು. ಆಂಬರ್ ತೇಲುತ್ತದೆ. ಗಾಜು, ಬಹಳಷ್ಟು ಪ್ಲಾಸ್ಟಿಕ್ ಮುಳುಗುತ್ತವೆ. ಆದರೆ ಕೋಪಲ್ ಅನ್ನುವ ಎಳೇ ರಾಳವೂ ತೇಲುತ್ತದೆ, ಆದ್ದರಿಂದ ದೊಡ್ಡ ಬೆಲೆ ಕೊಟ್ಟಿದ್ದರೆ ರತ್ನ ಪರೀಕ್ಷೆಯ ಲ್ಯಾಬಿನಲ್ಲೇ ನೋಡಿಸಬೇಕು. ಕಾದ ಸೂಜಿ ಚುಚ್ಚಿ ವಾಸನೆ ನೋಡುವುದು ಬೇಡ, ಕಲೆ ಹಾಗೇ ಉಳಿಯುತ್ತದೆ.

ಆಂಬರ್ ತುಂಬ ಮೆದು. ನಿನ್ನ ಗಾಜಿನ ಬಳೆ ತಾಕಿದರೂ ಗೀರು ಬೀಳುತ್ತದೆ. ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಡು. ಸೆಂಟು, ಸ್ಯಾನಿಟೈಸರ್, ಉಗುರು ಬಣ್ಣ ತೆಗೆಯುವ ದ್ರವ ತಾಗಬಾರದು. ಎಲ್ಲ ಹಚ್ಚಿಕೊಂಡು ಆರಿದ ಮೇಲೆ ಸರ ಹಾಕಿಕೋ. ಬಳ್ಳಾರಿ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಬಿರುಕು ಬಿಡಬಹುದು. ಬೆವರಾದರೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ಕೊಕ್ಕೆ ಕಿತ್ತರೆ ಪತ್ತಾರರಿಗೆ ಮೊದಲೇ ಹೇಳು, ಮಣಿ ಬಿಚ್ಚಿಟ್ಟೇ ಬೆಸುಗೆ ಹಾಕಲಿ, ಮಷೀನಿನಲ್ಲಿ ತೊಳೆಯುವುದೂ ಬೇಡ.

ಬಿಡಿ ಮಣಿ ಇದ್ದರೆ ಇವತ್ತೇ ಉಪ್ಪು ನೀರಲ್ಲಿ ಬಿಟ್ಟು ಫೋಟೋ ಹಾಕು. ಆಮೇಲೆ ಸಿಹಿ ನೀರಲ್ಲಿ ತೊಳೆಯುವುದು ಮರೆಯಬೇಡ.