ಅಶ್ವಗಂಧಕ್ಕೆ ಲವಂಗದ ಎಣ್ಣೆ ಹೊಡೆದೆ, ಎಲೆಯೇ ಸುಟ್ಟಿತು

ಬಸವನಗುಡಿಯ ನಮ್ಮ ತಾರಸಿಯಲ್ಲಿ ಆರು ಕುಂಡ ಅಶ್ವಗಂಧ ಇದೆ. ಮಳೆ ಹಿಡಿದಾಗಿನಿಂದ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ. ಹತ್ತಿರದಿಂದ ನೋಡಿದರೆ ಬಳೆಯೊಳಗೆ ಬಳೆ ಇಟ್ಟ ಹಾಗೆ. ಬೇರು ಮನೆಯವರಿಗೇ ಬೇಕು, ಕೆಮಿಕಲ್ ಬೇಡ ಅಂತ ಅರ್ಧ ಲೀಟರ್ ನೀರಿಗೆ ಒಂದು ಚಮಚ ಲವಂಗದ ಎಣ್ಣೆ ಹಾಕಿ ಮಧ್ಯಾಹ್ನ ಹೊಡೆದೆ. ಸಂಜೆಗೆ ಎರಡು ಗಿಡದ ಎಲೆ ಟೀ ಪುಡಿ ಬಣ್ಣ! ಉಳಿದ ನಾಲ್ಕಕ್ಕೆ ಏನೂ ಆಗಿಲ್ಲ. ಯಾಕೆ?

ಉತ್ತರ 1: ಮೇಡಂ, ಆ ಎರಡಕ್ಕೇ ಮೊದಲು ಹೊಡೆದಿರಿ, ಅಲ್ವಾ? ಲವಂಗದ ಎಣ್ಣೆ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಬಾಟಲಿಯ ಕೊಳವೆ ತಳದಿಂದಲೇ ಎಳೆಯುತ್ತದೆ, ಹಾಗಾಗಿ ಮೊದಲು ಹೊಡೆದವಕ್ಕೇ ಎಣ್ಣೆ ಜಾಸ್ತಿ ಬಿತ್ತು. ಎಣ್ಣೆಯಲ್ಲಿರುವ ಯೂಜಿನಾಲ್ ಶಿಲೀಂಧ್ರವನ್ನು ತಡೆಯುತ್ತದೆ ನಿಜ, ಜಾಸ್ತಿಯಾದರೆ ಎಲೆಯನ್ನೂ ಸುಡುತ್ತದೆ. ಕಳೆ ಸುಡುವುದಕ್ಕೂ ಇದೇ ಎಣ್ಣೆ ಬಳಸುತ್ತಾರೆ! ನಾನು ಲೀಟರಿಗೆ 1 ಮಿಲಿ ಮೀರುವುದಿಲ್ಲ. ಮೊದಲು ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಲ್ಲಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ನೀರು. ಒಂದೆರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಬಿಸಿಲಲ್ಲಿ ಬೇಡ.

ಉತ್ತರ 2: ಬಳೆ ಬಳೆಯಾಗಿದ್ದರೆ ಆಲ್ಟರ್ನೇರಿಯಾ ಅನ್ನೋ, ಎಲೆಗೆ ಚುಕ್ಕೆ ತರುವ ಶಿಲೀಂಧ್ರ ಇರಬಹುದು. ಚುಕ್ಕೆ ಬಿದ್ದ ಎಲೆ ಎಣ್ಣೆಯಿಂದ ಮತ್ತೆ ಹಸಿರಾಗುವುದಿಲ್ಲ, ಕಿತ್ತು ಕಸಕ್ಕೆ ಹಾಕಿ. ಕಾಂಪೋಸ್ಟಿಗೆ ಬೇಡ. ಕುಂಡಗಳನ್ನು ದೂರ ಇಡಿ, ನೀರು ಬುಡಕ್ಕೆ ಮಾತ್ರ. ಎಣ್ಣೆ ಬೇಗ ಆವಿಯಾಗುತ್ತದೆ, ಮಳೆಗೆ ನಿಲ್ಲುವುದೂ ಇಲ್ಲ. ಒಂದು ಸಲ ಹೊಡೆದು ಸುಮ್ನೆ ಕೂತರೆ ಆಗಲ್ಲ.

ಪ್ರಶ್ನೆ ಕೇಳಿದವರು: ಹೌದು ಸಾರ್, ಮೆಟ್ಟಿಲ ಪಕ್ಕದ ಆ ಎರಡಕ್ಕೇ ಮೊದಲು! ಬಾಟಲಿ ಅಲುಗಾಡಿಸಲೂ ಇಲ್ಲ. ತಳದಲ್ಲಿ ಹಳದಿ ಗುಂಡುಗಳು ಈಗಲೂ ಕಾಣುತ್ತಿವೆ.