ಸಹಾಯ ಬೇಕು: ಕಾಂಗ್ ಯಾತ್ಸೆ-2ಕ್ಕೆ ಐದು ಜನ, ಗೈಡ್ ಒಬ್ರು ಸಾಕಾ?

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಗೆಳೆಯರು ಆಗಸ್ಟ್‌ನಲ್ಲಿ ಲಡಾಖ್‌ನ ಕಾಂಗ್ ಯಾತ್ಸೆ-2 (ಸುಮಾರು 6,250 ಮೀಟರ್) ಹತ್ತೋಕೆ ಹೊರಟಿದ್ದೀವಿ. ಲೇಹ್‌ನಲ್ಲಿ ಮೂರು ದಿನ ಸುಮ್ನೆ ಇದ್ದು, ಆಮೇಲೆ ಮರ್ಖಾ ಕಣಿವೆ ಹಿಡಿದು ನಿಧಾನವಾಗಿ ಹೋಗೋ ಪ್ಲ್ಯಾನ್. ಕುಮಾರ ಪರ್ವತ ಮೂರು ಸಲ ಹತ್ತಿ ಕಾಲು ಗಟ್ಟಿ ಮಾಡ್ಕೊಂಡಿದ್ದೀವಿ. ಆದ್ರೆ ಅದು 1,712 ಮೀಟರ್, ಅಲ್ಲಿ ಹಿಮ ಎಲ್ಲಿಂದ ಬರ್ಬೇಕು? ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟೋ ಲೋಹದ ಮುಳ್ಳು) ಹಾಕಿ ನಡೆದಿರೋದು ನಮ್ಮಲ್ಲಿ ಇಬ್ಬರೇ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ. ಏಜೆನ್ಸಿಯವರು ಒಬ್ಬ ಗೈಡ್ ಸಾಕು, ಆರೂ ಜನ ಒಂದೇ ಹಗ್ಗಕ್ಕೆ ಕಟ್ಕೊಂಡು ನಡೆದ್ರೆ ಆಯ್ತು ಅಂತಾರೆ. ಹಿಮದ ಬಿರುಕಿಗೆ ಒಬ್ಬ ಜಾರಿದ್ರೆ ಮಿಕ್ಕವರು ಹಿಡೀತಾರೆ, ಅದು ಸರಿ. ಆದ್ರೆ ನಡುರಾತ್ರಿ ಹೊರಟು, ಮೇಲೆ ಹೋದ್ಮೇಲೆ ಒಬ್ಬನಿಗೆ ಎತ್ತರ ಒಗ್ಗದೆ ತಲೆನೋವು, ವಾಂತಿ ಶುರುವಾದ್ರೆ ಅವನನ್ನ ಕೂಡಲೇ ಕೆಳಗಿಳಿಸಲೇಬೇಕಲ್ಲ. ಗೈಡ್ ಅವನ ಜೊತೆ ಇಳಿದ್ರೆ ನಾಲ್ವರು ಹಿಮನದಿ ಮೇಲೆ ಏನ್ ಮಾಡೋದು? ಅವನೊಬ್ಬನನ್ನೇ ಕಳಿಸೋ ಮಾತಂತೂ ಇಲ್ಲ, ಹದಿನೈದು ವರ್ಷದ ಸ್ನೇಹ ಅದು. ಇದನ್ನ ಏಜೆನ್ಸಿಗೆ ಎರಡು ಸಲ ಕೇಳಿದೆ, 'ಅಲ್ಲಿ ನೋಡ್ಕೊಳ್ಳೋಣ' ಅಂದ್ರು. ನಂಗೆ ಅಷ್ಟು ಸಾಲ್ದು.

ಈ ಶಿಖರಕ್ಕೆ ಹೋಗಿ ಬಂದವರು ದಯವಿಟ್ಟು ಹೇಳಿ: ದುಡ್ಡು ಹೆಚ್ಚಾದ್ರೂ ಇಬ್ಬರು ಗೈಡ್ ತಗೊಂಡು ಎರಡು ಹಗ್ಗ ಮಾಡ್ಕೊಳ್ಳೋದಾ, ಇಲ್ಲ ಒಂದೇ ಹಗ್ಗ ಇಟ್ಟು, ಒಬ್ಬನಿಗೆ ಆಗದಿದ್ರೂ ಎಲ್ಲರೂ ವಾಪಸ್ ಅಂತ ಈಗ್ಲೇ ತೀರ್ಮಾನ ಮಾಡೋದಾ? ನೀವು ಏನ್ ಮಾಡಿದ್ರಿ?